ಗೀರು ಯಾವ ಕಡೆ ಬಾಗಬೇಕು

ನನಗಾಗ ಅರವತ್ತು, ಈ ಮಾತಿಗೆ ಇಪ್ಪತ್ತು ವರ್ಷವಾಯಿತು. ನನಗಿಂತ ಮೊಂಡು ಜೀವ ಇನ್ನೊಂದಿಲ್ಲ ಎಂಬ ಹೆಮ್ಮೆ ನನಗಿತ್ತು. ಅದಕ್ಕೆ ಕಲ್ಲು ಹಾಕಿದ್ದು ಮಿರಜಿನ ಸಹಕಾರಿ ಹಾಲಿನ ಸಂಘದ ಹೊಸ ಕಂಪ್ಯೂಟರು. ಅಲ್ಲಿ ನಾನು ಕ್ಯಾನು ತೊಳೆಯುತ್ತಿದ್ದೆ, ಸೊಸೆ ಶೋಭಾ ಒಳಗೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಹಳೆಯ ಕಂಪ್ಯೂಟರಿನಲ್ಲಿ ಚಿತ್ರಗಿತ್ರ ಇರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಹುಕುಂ ಬರೆಯಬೇಕು: ಇಂಥ ಕೋಣೆ, ಒಂದು ಗೀರು, ಇಂಥ ಕಪಾಟು, ಇನ್ನೊಂದು ಗೀರು, ಇಂಥ ಫೈಲು. ಆ ದಾರಿ ಹಿಡಿದು ಹೋಗಿ ಅದು ಫೈಲು ತರುತ್ತಿತ್ತು. ನನಗೆ ಓದಲು ಬರುವುದು ಬಸ್ಸಿನ ಬೋರ್ಡಷ್ಟೇ. ಆದರೂ ಗೀರು ಕಾಣುತ್ತದಲ್ಲ. ಊಟ ಮುಗಿಸಿದ ಚೇರಮನ್ನರ ಹಾಗೆ ಹಿಂದಕ್ಕೆ ಒರಗಿಕೊಂಡಿರುತ್ತಿತ್ತು. ಹೊಸ ಕಂಪ್ಯೂಟರು ಬೇರೆ ತಳಿಯದು.

ಅಂದು ಆರಗದಂಥ ಹಳ್ಳಿಗಳಿಗೆ ಹೋಗುವ ದನದ ಹಿಂಡಿಯ ಲಾರಿ ಗೇಟಿನಲ್ಲಿ ನಿಂತಿತ್ತು. ಯಾವ ಊರಿಗೆ ಎಷ್ಟು ಚೀಲ ಎಂಬ ಚೀಟಿ ಬರಬೇಕು. ಶೋಭಾ ಹಳೆಯ ಸಾಲನ್ನೇ ಬರೆದಳು. ಅಂಥ ಫೈಲೇ ಇಲ್ಲ ಎಂದಿತು ಕಂಪ್ಯೂಟರು. ಮತ್ತೆ ಬರೆದಳು. ಇಲ್ಲ.

"ಏ ಶೋಭಾ, ಆರಗದ ಎಮ್ಮಿಗೋಳು ಈಗ ನಿನ್ನ ಕಂಪ್ಯೂಟರ ತಿನ್ನಬೇಕೇನ?" ಎಂದರು ಮ್ಯಾನೇಜರು. "ಆಗೂದಿಲ್ಲಂದ್ರ ನಾಳಿಂದ ಅತ್ತಿ ಜೋಡಿ ಕ್ಯಾನ ತೊಳಿ."

"ಫೈಲ ಒಳಗ ಐತ್ರಿ ಸಾಹೇಬ. ನಾನ ಇಟ್ಟೇನಿ."

"ನೀ ಐತಿ ಅಂತಿ, ಅದು ಇಲ್ಲ ಅಂತೈತಿ. ಯಾರನ್ನ ನಂಬ್ಲಿ?"

ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. "ಲಿಂಗನೂರಿಂದ ಬರ್ಲಿ, ಖಂಡೇರಾಜುರಿಯಿಂದ ಬರ್ಲಿ, ಆರಗ ಇದ್ದಲ್ಲೇ ಇರತೈತಿ. ದಾರಿ ಬ್ಯಾರೆ ಹೇಳಿದ್ರ ಊರ ಇಲ್ಲ ಅನ್ನೂದ? ಎಂಥಾ ಹಟಮಾರಿ ಇದು!"

ಶೋಭಾ ಹೊಸ ಕಂಪ್ಯೂಟರು ಕೂರಿಸಿದ ಪುಣೆಯ ಎಂಜಿನಿಯರಿಗೆ ಫೋನು ಹಚ್ಚಿದಳು. ಹೊಸದಕ್ಕೆ ಗೀರು ಮುಂದಕ್ಕೆ ಬಾಗಬೇಕಂತೆ. ಸಾಲಿನ ಮೊದಲು ಹಾಕುತ್ತಿದ್ದ ಇಂಗ್ಲಿಷ್ ಅಕ್ಷರವೂ ಬೇಡವಂತೆ. ಆದರೆ ಹಳ್ಳಿಯ ಸಂಘಗಳಲ್ಲಿ ಇನ್ನೂ ಹಳೆಯ ಕಂಪ್ಯೂಟರುಗಳೇ ಇದ್ದವು, ಅಲ್ಲೂ ನಡೆಯುವುದು ಇದೇ ಪ್ರೋಗ್ರಾಮು. ಇಲ್ಲಿಗೆ ತಿದ್ದಿದರೆ ಅಲ್ಲಿ ಕೆಡುತ್ತದೆ. "ಮಷೀನ ಯಾವದು ಅಂತ ಪ್ರೋಗ್ರಾಮ ಮೊದಲ ನೋಡ್ಕೊಳ್ಳಲಿ, ಗೀರ ತಾನ ಹಾಕ್ಲಿ," ಎಂದು ಅವಳು ಕುಳಿತು ಹಾಗೆಯೇ ಬರೆದಳು. ಸಂಜೆಗೆ ಚೀಟಿ ಬಂತು, ಲಾರಿ ಹೋಯಿತು.

"ಬರ್ರಿ ಶೋಭಾತಾಯಿ, ಚಹಾ ತಗೋರಿ," ಎಂದರು ಮ್ಯಾನೇಜರು. "ಕ್ಯಾನ ತೊಳ್ಯಾಕ ಅತ್ತಿ ಅದಾಳ."

ಆ ಕಂಪ್ಯೂಟರಿನ ಮೊಂಡುತನಕ್ಕೆ ನಾನು ಮನೆ ಮುಟ್ಟುವವರೆಗೂ ಬೈದೆ.

ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಒಲೆಯ ಬಲಕ್ಕೆ ಕೈ ಚಾಚಿದೆ. ಬೆಲ್ಲದ ಡಬ್ಬಿ ಅಲ್ಲಿರಲಿಲ್ಲ. "ಅತ್ತೀ, ಎಡಕ್ಕ ಇಟ್ಟೇನ್ರಿ," ಎಂದು ಶೋಭಾ ಹೊರಗಿನಿಂದ ಕೂಗಿದಳು. ಎಡಕ್ಕೆ ಡಬ್ಬಿ ಕಾಣುತ್ತಲೂ ಇತ್ತು. "ಮನ್ಯಾಗ ಬೆಲ್ಲ ಇಲ್ಲ," ಎಂದು ಹೇಳಿ, ಸಪ್ಪನೆಯ ಚಹಾ ಕುಡಿದು ಕ್ಯಾನು ತೊಳೆಯಲು ಹೋದೆ.