ದೂರ ಹೋದ ಮೋಡ

ಭಾನುವಾರದ ಪತ್ರಿಕೆಯಲ್ಲಿ ಡಾಪ್ಲರ್ ರೇಡಾರ್ ಬಗ್ಗೆ ಲೇಖನ ಬಾರದೇ ಹೋಗಿದ್ದರೆ ಯಡಿಯೂರಿನ ಬ್ಯಾಂಕ್ ಗುಮಾಸ್ತ ಸೇತುರಾಮ ಆ ಮಧ್ಯಾಹ್ನ ನೆಮ್ಮದಿಯಾಗಿ ನಿದ್ದೆ ಹೊಡೆಯುತ್ತಿದ್ದ. ಆದರೆ ಬಂತು, ಅವನು ಓದಿದ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅವನಿಗೆ ತಿಂದ ಅನ್ನ ಜೀರ್ಣವಾಗದು.

ಕೇಳಲು ಜನ ತಾರಸಿಯಲ್ಲೇ ಇದ್ದರು. ಪಕ್ಕದ ಮನೆ ಗೋವಿಂದಮ್ಮನ ಮಗಳ ಮದುವೆ ಹತ್ತಿರ ಬಂದಿತ್ತು. ಬೀಗರಿಗೆ ಕೊಡಬೇಕೆಂದು ಬೂದುಗುಂಬಳಕಾಯಿ ತುರಿದು, ಅರಳು ಬೆರೆಸಿ ಇಟ್ಟ ಅರಳು ಸಂಡಿಗೆಯನ್ನೆಲ್ಲ, ಬಿಸಿಲು ಚೆನ್ನಾಗಿ ಬೀಳುತ್ತದೆಂದು, ಸೇತುರಾಮನ ತಾರಸಿಯಲ್ಲಿ ಪಂಚೆ ಹಾಸಿ ಇಟ್ಟಿದ್ದರು. ಅವನ ಹೆಂಡತಿ ವಾರಿಜಾ ಕಾಗೆ ಓಡಿಸುತ್ತ ಕೂತಿದ್ದಳು. ಊಟದ ಹೊತ್ತಿಗೆ ಪೂರ್ವದಲ್ಲೊಂದು ಕಪ್ಪು ಮೋಡ ತಲೆಯೆತ್ತಿತು.

"ಎತ್ತಿಬಿಡೋಣ ವಾರಿಜಾ," ಎಂದು ಗೋವಿಂದಮ್ಮ ಗಾಬರಿಯಾದರು. "ಇದು ನೆಂದ್ರೆ ಬೀಗರ ಮುಂದೆ ನನ್ನ ಮಾನ ಹೋಗತ್ತೆ."

"ತಡೀರಿ ಅಮ್ಮ," ಸೇತುರಾಮ ಅಡ್ಡ ಬಂದ. "ಹಸಿ ಸಂಡಿಗೆ ಎತ್ತಿದ್ರೆ ಮುದ್ದೆಯಾಗತ್ತೆ. ಮೋಡ ಇಲ್ಲಿಗೆ ಬರತ್ತೋ ಇಲ್ವೋ ಮೊದ್ಲು ನೋಡೋಣ."

"ಕಣ್ಣಿಗೇ ಕಾಣ್ತಿದೆಯಲ್ಲಪ್ಪಾ!"

"ಹಳೇ ರೇಡಾರೂ ಅಷ್ಟೇ ಹೇಳೋದು. ಅಲೆ ಬಿಡತ್ತೆ, ಅದು ಮೋಡಕ್ಕೆ ತಾಗಿ ವಾಪಸ್ ಬರತ್ತೆ, ಮೋಡ ಎಲ್ಲಿದೆ, ಎಷ್ಟು ದಟ್ಟವಾಗಿದೆ ಅಂತ ಗೊತ್ತಾಗತ್ತೆ. ರೈಲು ಕೂಗ್ತಾ ಹತ್ರ ಬರುವಾಗ ಸದ್ದು ಕೀರಲು, ದಾಟಿ ಹೋದ್ಮೇಲೆ ದಪ್ಪ, ಕೇಳಿದ್ದೀರಲ್ಲ? ವಾಪಸ್ ಬಂದ ಅಲೇಲೂ ಅಂಥದ್ದೇ ವ್ಯತ್ಯಾಸ ಇರತ್ತೆ. ಡಾಪ್ಲರ್ ಅದನ್ನ ಹಿಡಿದು, ಮಳೆಹನಿ ಹತ್ರ ಬರ್ತಿದ್ಯೋ ದೂರ ಹೋಗ್ತಿದ್ಯೋ, ಎಷ್ಟು ಜೋರಾಗಿ, ಎಲ್ಲಾ ಹೇಳತ್ತೆ."

"ಸಖತ್ತಾಗಿದೆ ಸಾರ್," ಎಂದ ಎದುರುಮನೆ ಪಿಳ್ಳಪ್ಪ, ತನ್ನ ತಾರಸಿಯಿಂದಲೇ. "ಆ ರೇಡಾರ್ ನಿಮ್ಮನೇಲಿದ್ಯಾ?"

"ಚೆನ್ನೈನಲ್ಲಿದೆ. ನನ್ನ ಕ್ಲಾಸ್‌ಮೇಟ್ ವೆಂಕಟಾಚಲ ಅದರ ಮುಂದೇನೇ ಕೂತಿರ್ತಾನೆ."

ಇಷ್ಟು ಹೇಳಿದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ. ಸೇತುರಾಮ ಕೆಳಗಿಳಿದು ಚೆನ್ನೈಗೆ ಎಸ್‌ಟಿಡಿ ಫೋನ್ ಮಾಡಿದ.

"ಕೋಲಾರದ ಕಡೆ ಒಂದು ಮೋಡ ಇದೆ ನೋಡೋ. ಹತ್ರ ಬರ್ತಿದ್ಯಾ, ದೂರ ಹೋಗ್ತಿದ್ಯಾ?"

"ದೂರ ಹೋಗ್ತಿದೆ ಕಣೋ, ಒಳ್ಳೇ ಸ್ಪೀಡಲ್ಲಿ. ಕೆಲಸ ಇದೆ, ಇಡ್ತೀನಿ," ಎಂದು ವೆಂಕಟಾಚಲ ಫೋನಿಟ್ಟ.

ಸೇತುರಾಮ ಗೆದ್ದ ಕುದುರೆಯ ಹಾಗೆ ಮೆಟ್ಟಿಲು ಹತ್ತಿ ಬಂದು ಸುದ್ದಿ ಹೇಳಿದ. ಗೋವಿಂದಮ್ಮನಿಗೆ ಜೀವ ಬಂತು. "ಓದಿದೋರು ಮನೆ ಪಕ್ಕ ಇರ್ಬೇಕು," ಎಂದು ಹೊಗಳಿ ಕಾಫಿಗೆ ಹೋದರು.

"ಏನ್ರೀ, ದೂರ ಹೋಗೋ ಮೋಡ ದೊಡ್ಡದಾಗಿ ಕಾಣತ್ತಾ?" ವಾರಿಜಾ ಆಕಾಶ ನೋಡುತ್ತ ಕೇಳಿದಳು.

"ಅದು ಕಣ್ಣಿನ ಭ್ರಮೆ ಕಣೆ. ವಿಜ್ಞಾನ ನಂಬು."

ಅವಳು ನಂಬಿದಳು, ಇಬ್ಬರೂ ಕಾಫಿಗೆ ಕೆಳಗಿಳಿದರು. ಕಾಫಿ ಮುಗಿಯುವಷ್ಟರಲ್ಲಿ ಗಾಳಿ ಎದ್ದಿತು, ಹಿಂದೆಯೇ ಆಲಿಕಲ್ಲಿನ ಮಳೆ ಸುರಿಯಿತು. ಎಲ್ಲರೂ ಎದ್ದೂ ಬಿದ್ದೂ ಮೇಲೆ ಓಡಿ ನೋಡಿದರೆ ಬೀಗರ ಅರಳೆಲ್ಲ ನೀರಿನಲ್ಲಿ ತೇಲುತ್ತ ಮೋರಿಯ ಕಡೆ ಹೊರಟಿತ್ತು. ಗೋವಿಂದಮ್ಮ ಅಲ್ಲೇ ಕುಸಿದು ಕೂತು ಅತ್ತರು. ಸೇತುರಾಮನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನಾಚಿಕೆ ಸಿಟ್ಟಾಗಿ ತಿರುಗಿ ಅವನು ಮತ್ತೆ ಫೋನಿಗೆ ಓಡಿದ.

"ಏನೋ ವೆಂಕಟಾಚಲ, ದೂರ ಹೋಗ್ತಿದೆ ಅಂತ ಸುಳ್ಳು ಹೇಳ್ದೆಯಲ್ಲೋ! ಇಲ್ಲಿ ಮುಳುಗಿ ಹೋದ್ವಿ!"

"ಸುಳ್ಳೇನೋ? ಡಾಪ್ಲರ್ ಲೆಕ್ಕ ಹಾಕೋದು ರೇಡಾರಿಂದ ದೂರ ಅಂತ. ರೇಡಾರ್ ಇರೋದು ಚೆನ್ನೈನಲ್ಲಿ, ಮೋಡ ಇದ್ದದ್ದು ನಮ್ಮಿಬ್ರ ಮಧ್ಯೆ. ನಮ್ಮಿಂದ ದೂರ ಹೋದದ್ದು ನಿಮ್ಮ ಹತ್ರ ಬರದೆ ಇನ್ನೆಲ್ಲಿಗೆ ಹೋಗತ್ತೋ?"

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಗೋವಿಂದಮ್ಮ ನಿಂತಿದ್ದರು, ಅವರ ಹಿಂದೆ ಛತ್ರಿ ಹಿಡಿದ ಪಿಳ್ಳಪ್ಪ.

"ಏನಂತಪ್ಪ ನಿನ್ನ ರೇಡಾರು?"

"ಅದು... ಸರಿಯಾಗೇ ಹೇಳಿತ್ತಂತೆ, ಅಮ್ಮ."

"ಸಂತೋಷ. ನಾಳೆ ಬ್ಯಾಂಕಿಗೆ ರಜಾ ಹಾಕು," ಎಂದರು ಗೋವಿಂದಮ್ಮ ಕಣ್ಣೊರೆಸಿಕೊಂಡು. "ಬೂದುಗುಂಬಳಕಾಯಿ ನೀನೇ ತುರೀಬೇಕು."