ಕಂಟ್ರೋಲರ್ ಟ್ಯಾಂಕ್ ಆದದ್ದು

ಬೈಸಿಕೊಳ್ಳುವುದಕ್ಕೇ ಸಂಬಳ ಕೊಡುವ ನೌಕರಿ ನನ್ನದು. ಭೀಮಾ ನದಿ ಕಡೆಯ ಒಂದು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೇನೆ. ‘ವಿಚಾರಣೆ’ ಎಂದು ಬರೆದ ಕಿಟಕಿಯ ಹಿಂದೆ ಕೂತಿರಬೇಕು. ಬಸ್ ಬಂದರೆ ಮೈಕಿನಲ್ಲಿ ಹೇಳಬೇಕು, ಬರದಿದ್ದರೆ ಬೈಸಿಕೊಳ್ಳಬೇಕು. ಮನೆಗೆ ಬಂದ ಮೇಲಾದರೂ ಈ ಕರ್ಮ ತಪ್ಪಲಿ ಅಂತ ಮೊಬೈಲಿನಲ್ಲಿ ಆಟ ಆಡಲು ಕೂತೆ. ಅಲ್ಲೂ ತಪ್ಪಲಿಲ್ಲ. ಇಂಥವು ನನಗೆ ಆಗುತ್ತಲೇ ಇರುತ್ತವೆ. ಮೊದಲು ಸಿಟ್ಟು ಬರುತ್ತಿತ್ತು, ಈಗ ಬರೀ ಆಕಳಿಕೆ ಬರುತ್ತದೆ.

ಗೋಡೆ ಖಾಲಿ ಇದೆ

ನಮ್ಮದು ನಾಲ್ಕು ಮಂದಿಯ ತಂಡ. ಆಳಂದದಲ್ಲಿ ಹೈಸ್ಕೂಲು ಮಾಸ್ತರನಾಗಿರುವ ನನ್ನ ಹೆಂಡತಿಯ ತಮ್ಮ ಒಬ್ಬ. ಜೇವರ್ಗಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವ ನನ್ನ ಕಾಲೇಜು ಗೆಳೆಯ ಭಾಯ್ ಮತ್ತು ಅವನ ಹೆಂಡತಿ ಭಾಭಿ ಇನ್ನಿಬ್ಬರು. ಅವರವರ ಊರಲ್ಲಿ ಕೂತು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಮಾತಾಡುತ್ತ ಎಲ್ಲರೂ ಒಂದೇ ಗುಹೆಯೊಳಗೆ ಹೋಗಿ ರಾಕ್ಷಸರ ಕೂಡ ಕಾದಾಡುವ ಆಟ ಅದು. ನಾನು ಹಿಂದೆ ನಿಂತು ಬಾಣ ಬಿಡುತ್ತಿದ್ದೆ. ನನ್ನ ಬಾಣ ಯಾರಿಗೂ ತಾಗುತ್ತಿರಲಿಲ್ಲ, ಹಾಗಾಗಿ ಯಾರೂ ಬೈಯುತ್ತಲೂ ಇರಲಿಲ್ಲ. ಸುಖವಾಗಿದ್ದೆ.

ಮೊದಲು ಐದನೆಯವರೊಬ್ಬರಿದ್ದರು, ಮುಂದೆ ನಿಲ್ಲುತ್ತಿದ್ದ ಮಾಸ್ತರನ ಶಾಲೆಯ ಇನ್ನೊಬ್ಬ ಶಿಕ್ಷಕರು. ಹೀಗೆ ಮುಂದೆ ನಿಲ್ಲುವವರಿಗೆ ಟ್ಯಾಂಕ್ ಅನ್ನುತ್ತಾರೆ, ತಂಡಕ್ಕೆ ಗೋಡೆ ಇದ್ದ ಹಾಗೆ. ದೊಡ್ಡ ಗುರಾಣಿ ಹಿಡಿದು ಎಲ್ಲರಿಗಿಂತ ಮೊದಲು ಒಳಗೆ ನುಗ್ಗಬೇಕು, ರಾಕ್ಷಸನನ್ನು ಕೆಣಕಿ ಅವನ ಸಿಟ್ಟೆಲ್ಲ ತನ್ನ ಮೇಲೇ ಇರುವಂತೆ ನೋಡಿಕೊಳ್ಳಬೇಕು. ಟ್ಯಾಂಕ್ ನಿಂತರೆ ಎಲ್ಲರೂ ಉಳಿಯುತ್ತಾರೆ, ತಪ್ಪಿದರೆ ಎಲ್ಲರೂ ಸಾಯುತ್ತಾರೆ. ಆ ಶಿಕ್ಷಕರ ಮದುವೆ ಆಯಿತು. ಆದ ಮೇಲೆ ಆಟಕ್ಕೆ ಬರುವುದನ್ನು ಬಿಟ್ಟರು.

“ಮಾಮಾ, ಇನ್ನ ಮ್ಯಾಲ ನೀವ ಟ್ಯಾಂಕ್,” ಅಂದ ಮಾಸ್ತರ.

“ನಾ ಯಾಕಲೇ? ನನ್ನ ಕೈ ನಡುಗ್ತಾವ.”

“ದಿನಾ ಅಷ್ಟು ಮಂದೀ ಕಡಿಂದ ಬೈಸ್ಕೋತೀರಿ. ನಿಮಗ ರೂಢಿ ಅದ.”

“ಅಲ್ಲಿ ಬೈಸ್ಕೊಂಡ್ರ ನಾ ಒಬ್ಬಾಂವ ಕೆಡ್ತೇನಿ. ಇಲ್ಲಿ ನಾ ತಪ್ಪಿದ್ರ ನೀವೆಲ್ಲಾ ಸಾಯ್ತೀರಲ್ಲೋ.”

“ಇರ್ಲಿ ಬಿಡ್ರಿ, ನಾವು ಮತ್ತ ಹುಟ್ಟತೇವಿ.”

ನಾನು ಕೊನೆಯ ಅಸ್ತ್ರ ಎಂಬಂತೆ, ಹಳೇ ಟ್ಯಾಂಕನ್ನೇ ಮತ್ತೆ ಒಪ್ಪಿಸು ಅಂದೆ. ಮಾಸ್ತರ ನಿಟ್ಟುಸಿರು ಬಿಟ್ಟ.

“ಕೇಳೀನ್ರಿ ಮಾಮಾ. ಹೊಡ್ತಾ ತಿನ್ನೋದು ಒಂದ ಕಡೆ ಆದ್ರ ಸಾಕು ಅಂದ್ರು.”

ನೆಟ್ ಹೋಗಿದೆ

ಮೊದಲ ಸಂಜೆ ಗುಹೆಯ ಬಾಗಿಲಲ್ಲಿ ನಿಂತೆ. ಹಿಂದೆ ಮೂವರೂ ಕಾಯುತ್ತಿದ್ದರು. ನನ್ನ ಅಂಗೈ ಎಷ್ಟು ಬೆವೆತಿತ್ತೆಂದರೆ ಮೊಬೈಲು ಸಾಬೂನಿನ ಹಾಗೆ ಜಾರುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಒಳಗಿನ ಪ್ರಾಣಿಗಳು ಎದ್ದು ಬರುತ್ತವೆ. ಆ ಒಂದು ಹೆಜ್ಜೆ ಇಡಲು ಆಗಲಿಲ್ಲ. ಗುರಾಣಿಯನ್ನು ಎತ್ತಿದೆ, ಇಳಿಸಿದೆ. ಎತ್ತಿದೆ, ಇಳಿಸಿದೆ. ಒಂದು ಸಲ ಲೋಟ ತಂದು ನೀರು ಕುಡಿದೆ.

ಬಹಳ ಹೊತ್ತಾದ ಮೇಲೆ ಭಾಯ್ ಮೆತ್ತಗೆ ಕೇಳಿದ, “ಕಂಟ್ರೋಲರ್ ಸಾಬ್, ನೆಟ್ ಹೋತೇನ್ರಿ?”

ದೇವರೇ ಕೊಟ್ಟ ದಾರಿ ಅನ್ನಿಸಿತು. “ಹೌದ್ರಿ ಭಾಯ್, ಪೂರಾ ಹೋಗ್ಯಾದ. ಏನೂ ಕೇಳವಲ್ದು, ಏನೂ ಕಾಣವಲ್ದು,” ಅಂದೆ.

ಆಮೇಲೆ ಭಾಭಿಯ ದನಿ ಬಂತು, “ಹಂಗಾದ್ರ ಈಗ ಯಾರ ಕೂಡ ಮಾತಾಡಾಕತ್ತೀರಿ ಭಾಯಿಸಾಬ್?”

ಮೊದಲು ನೀವು

ಎರಡನೇ ದಿನ ಧೈರ್ಯ ಮಾಡಿ ಒಳಗೆ ಹೋದೆ. ಟ್ಯಾಂಕ್ ಆದವನಿಗೆ ದಾರಿಯೂ ಗೊತ್ತಿರಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ. ನಡುವೆ ಒಂದು ದೊಡ್ಡ ಕಂಬ ಇತ್ತು. ಭಾಭಿ ಪಕ್ಕದಲ್ಲಿ ಹೋಗುತ್ತಿದ್ದರು. ಅವರದು ಗಾಯ ವಾಸಿ ಮಾಡುವ ಕೆಲಸ, ಹಗಲೆಲ್ಲ ಅಂಗಡಿಯಲ್ಲಿ ಔಷಧ ಕೊಟ್ಟದ್ದು ಸಾಲದು ಅಂತ ಇಲ್ಲೂ ಅದೇ. ಅವರಿಗೆ ದಾರಿ ಗೊತ್ತಿರಬಹುದು ಅಂತ ನಾನು ಅವರ ಹಿಂದೆ ಹೊರಟೆ. ಟ್ಯಾಂಕ್ ಎಲ್ಲಿ ಹೋಗುತ್ತಾನೋ ಅಲ್ಲಿಗೆ ಹೋಗಬೇಕೆಂದು ಅವರು ನನ್ನ ಹಿಂದೆ ಹೊರಟರು. ಭಾಭಿಯ ಹಿಂದೆ ಭಾಯ್, ಭಾಯಿಯ ಹಿಂದೆ ಮಾಸ್ತರ. ಒಬ್ಬರ ಬೆನ್ನು ಒಬ್ಬರು ನೋಡುತ್ತ ನಾಲ್ಕೂ ಮಂದಿ ಆ ಕಂಬದ ಸುತ್ತ ತಿರುಗಿದೆವು, ತಿರುಗಿದೆವು.

“ಭಾರಿ ದೊಡ್ಡ ಗುಹಾ ಅದ,” ಅಂದ ಭಾಯ್.

“ಕಂಬಾನೂ ಭಾಳ ಅವ,” ಅಂದೆ ನಾನು.

ದೂರದಲ್ಲಿ ರಾಕ್ಷಸ ಕೈಕಟ್ಟಿ ನಿಂತಿದ್ದ. ಕೊನೆಗೆ ಮಾಸ್ತರ, “ಮಾಮಾ, ಪ್ರದಕ್ಷಿಣಿ ಸಾಕು, ಇನ್ನ ದೇವರ ದರ್ಶನ ಮಾಡಸ್ರಿ,” ಅಂದ.

ಸೋರುವ ಟ್ಯಾಂಕ್

ಅಫಜಲಪುರದಿಂದ ಕಲಬುರಗಿಗೆ ಹೋಗುತ್ತಿದ್ದೆ. ನಮ್ಮವರದ್ದೇ ಬಸ್ಸಾದರೂ ಸೀಟು ಸಿಕ್ಕಿರಲಿಲ್ಲ. ಚೌಡಾಪುರ ಹತ್ತಿರ ಬಂದಾಗ ಮಾಸ್ತರನ ಫೋನು ಬಂತು. ಹಿಂದಿನ ಸಂಜೆ ನಾನು ತಡೆಯದೆ ಬಿಟ್ಟ ಹೊಡೆತಕ್ಕೆ ಅವನೂ ಉಳಿದವರೂ ಸತ್ತಿದ್ದರು, ಅದನ್ನು ಅವನು ಇನ್ನೂ ಮರೆತಿರಲಿಲ್ಲ. ನಾನು ಬಸ್ಸಿನ ಗದ್ದಲದಲ್ಲಿ ಗಟ್ಟಿಯಾಗಿ ಹೇಳಿದೆ:

“ಟ್ಯಾಂಕಿಂದ ತಪ್ಪು, ಒಪ್ಕೋತೇನಿ. ಟ್ಯಾಂಕ್ ಗಟ್ಟಿ ಇರಲಿಲ್ಲ. ಅದಕ್ಕ ಎಲ್ಲಾರೂ ಸತ್ತರು. ಇನ್ನೊಂದು ವಾರದಾಗ ಟ್ಯಾಂಕ್ ಸುಧಾರಸ್ತೇನಿ, ಮಾತು ಕೊಡ್ತೇನಿ.”

ಫೋನ್ ಇಟ್ಟು ನೋಡಿದರೆ ಬಸ್ಸಿನವರೆಲ್ಲ ನನ್ನ ಕಡೆಗೇ ತಿರುಗಿದ್ದರು. ಎದುರು ಸೀಟಿನ ತಲೆಗೆ ದೊಡ್ಡ ಪಟಗಾ ಸುತ್ತಿದ ಹಿರಿಯರು ಎದ್ದು ನಿಂತು ನನಗೆ ಜಾಗ ಕೊಟ್ಟರು. ಬ್ಯಾಡ್ರಿ ಅಂದರೂ ಕೇಳಲಿಲ್ಲ.

“ಕುಂಡ್ರಿ ಸಾಹೇಬ್ರ. ಇಷ್ಟು ವರ್ಷಕ್ಕ ತಪ್ಪು ಒಪ್ಕೊಂಡ ಅಧಿಕಾರಿ ಇವತ್ತ ನೋಡಿದ್ವಿ. ನಮ್ಮೂರ ಟ್ಯಾಂಕೂ ಸೋರಾಕತ್ತದರಿ. ಮಂದಿ ಸಾಯೂದ್ರೊಳಗ ಒಂದೀಟು ಬಂದು ನೋಡ್ರಿ.”

ನನ್ನ ಹೊಡಿ

ಟ್ಯಾಂಕ್ ಆದವನು ಸುಮ್ಮನೆ ನಿಂತರೆ ಆಗುವುದಿಲ್ಲ. ರಾಕ್ಷಸ ಬೇರೆಯವರ ಕಡೆ ತಿರುಗಿದರೆ ಅವನನ್ನು ಕೆಣಕಿ ತನ್ನ ಕಡೆ ಎಳೆದುಕೊಳ್ಳಬೇಕು. ಅದಕ್ಕೊಂದು ಗುಂಡಿ ಇದೆ, ಬೆರಳಲ್ಲಿ ಒತ್ತಿದರೆ ಸಾಕು. ಅಂಜಿಕೆಯಲ್ಲಿ ನಾನು ಬಾಯಿಂದಲೂ ಕೆಣಕುತ್ತಿದ್ದೆ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತು. ಹೆಂಡತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಕೂತಿದ್ದೆ. ಒಂದು ಕರಡಿಯಂಥ ಪ್ರಾಣಿ ನನ್ನನ್ನು ದಾಟಿ ನೇರ ಭಾಭಿಯ ಮೇಲೆ ಹೋಯಿತು. ನನಗೆ ಎಲ್ಲಿಲ್ಲದ ರೋಷ ಬಂತು.

“ನನ್ನ ಹೊಡಿ! ಅಕಿಗೇನು ಹೊಡೀತಿ, ನನ್ನ ಹೊಡಿ! ಎಷ್ಟು ಹೊಡೀತಿ ಹೊಡಿ, ನಾ ಓಡಂಗಿಲ್ಲ!”

ಒಳಗಿಂದ ರೊಟ್ಟಿ ಬಡಿಯುವ ಸದ್ದು ಟಪ್ ಟಪ್ ಅಂತ ಬರುತ್ತಲೇ ಇತ್ತು. ಹೊರಗಿದ್ದವರಿಗೆ ಅದು ಹೇಗೆ ಕೇಳಿರಬೇಕು, ನೀವೇ ಊಹಿಸಿ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿಬಂದು ಬಾಗಿಲು ಬಡಿದರು. ಹೆಂಡತಿ ಹಿಟ್ಟಿನ ಕೈಯಲ್ಲೇ ಹೋಗಿ ತೆರೆದಳು.

ಹೆಡ್‌ಮಾಸ್ತರರು ಕೈ ಮುಗಿದರು. “ಬಿಟ್ಟುಬಿಡವ್ವಾ ತಂಗಿ. ಮನುಷ್ಯಾ ಅಂದ ಮ್ಯಾಲ ತಪ್ಪು ಮಾಡ್ತಾನ. ಅಷ್ಟು ಹೊಡೀಬಾರ್ದು.”

ಹೆಂಡತಿ ಒಮ್ಮೆ ನನ್ನ ಕಡೆ ನೋಡಿದಳು. ಇಯರ್‌ಫೋನ್ ಹಾಕಿಕೊಂಡು ನಾನು ಇನ್ನೂ “ಹೊಡಿ, ಹೊಡಿ” ಅನ್ನುತ್ತಲೇ ಇದ್ದೆ. ಅವಳು ದಣಿದ ದನಿಯಲ್ಲಿ ಅಂದಳು, “ಸರ್, ನಾನಿನ್ನೂ ಶುರುನ ಮಾಡಿಲ್ರಿ.”

ಕ್ಷಮಿಸಿ

ಪರಿಚಯದವರ ಜೊತೆಗೇ ಆಡಿದರೆ ಅಂಜಿಕೆ ಹೋಗುವುದಿಲ್ಲ, ಗುರುತಿಲ್ಲದವರ ಜೊತೆ ಆಡಬೇಕು ಅಂದ ಮಾಸ್ತರ. ನಮ್ಮವರು ಬೈದರೆ ನಗುತ್ತ ಬೈಯುತ್ತಾರೆ. ಎಲ್ಲಿಯವರೋ ಯಾರೋ ಬೈದರೆ? ಒಂದು ವಾರ ನೆವ ಹೇಳಿದೆ. ಚಾರ್ಜ್ ಇಲ್ಲ, ತಲೆನೋವು, ಸೊನ್ನ ಊರಿನ ಕಡೆ ಮಳೆ. ಸೊನ್ನದ ಮಳೆಗೂ ಆಟಕ್ಕೂ ಏನು ಸಂಬಂಧ ಅಂತ ಅವನು ಕೇಳಲಿಲ್ಲ, ಪುಣ್ಯಕ್ಕೆ.

ಕೊನೆಗೊಂದು ದಿನ ಗುರುತಿಲ್ಲದ ಮೂವರ ಜೊತೆ ಸೇರಿಕೊಂಡೆ. ಅವರು ಮಾತಾಡುತ್ತಿರಲಿಲ್ಲ, ಬರೆದು ಕಳಿಸುತ್ತಿದ್ದರು. ಬಾಗಿಲಲ್ಲೇ ನಾನು, ತಪ್ಪಾದರೆ ಕ್ಷಮಿಸಿ ಅಂತ ಬರೆದೆ. ಒಳಗೆ ಹೋದ ಕೂಡಲೇ ಒಬ್ಬನಿಗೆ ಪೆಟ್ಟು ಬಿತ್ತು. ಕ್ಷಮಿಸಿ ಅಂತ ಬರೆದೆ. ಬರೆಯುವಾಗ ಬೆರಳು ಗುರಾಣಿಯ ಗುಂಡಿಯ ಮೇಲೆ ಇರುವುದಿಲ್ಲವಲ್ಲ, ಇನ್ನೊಬ್ಬನಿಗೆ ಬಿತ್ತು. ಮತ್ತೆ ಕ್ಷಮಿಸಿ ಅಂದೆ. ಅಷ್ಟರಲ್ಲಿ ಒಬ್ಬ, ಕನ್ನಡದವನೇ ಇರಬೇಕು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ: “ಅಣ್ಣಾ, ಎಲ್ಲಾ ಕ್ಷಮಿಸಿದ್ದೇವೆ. ದಯವಿಟ್ಟು ಗುರಾಣಿ ಎತ್ತಿ.”

ನಾನು ಥ್ಯಾಂಕ್ಸ್ ಅಂತ ಬರೆಯುವಷ್ಟರಲ್ಲಿ ಎಲ್ಲರೂ ಸತ್ತಿದ್ದೆವು.

ಬೈಗುಳ ಬರುತ್ತದೆ ಅಂತ ಕಣ್ಣು ಮುಚ್ಚಿ ಕೂತೆ. ಬರಲಿಲ್ಲ. ಒಂದು ಕಣ್ಣು ತೆರೆದು ನೋಡಿದೆ. ನಾನೂ ಇವತ್ತೇ ಮೊದಲು ಅಂತ ಒಬ್ಬ ಬರೆದಿದ್ದ. ನಾನೂ ಅಂತ ಇನ್ನೊಬ್ಬ. ಔಷಧ ಕೊಡುವವನಿಗೆ ಔಷಧದ ಗುಂಡಿ ಎಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲವಂತೆ. ನಾಲ್ಕೂ ಮಂದಿ ಹೊಸಬರು, ನಾಲ್ಕೂ ಮಂದಿಗೆ ಉಳಿದ ಮೂವರ ಅಂಜಿಕೆ. ಸತ್ತುಬಿದ್ದಲ್ಲೇ ನಾನು ಮೊದಲ ಬಾರಿ ಆ ಆಟದಲ್ಲಿ ನಕ್ಕೆ. ಕನ್ನಡದವನು ಹೊರಡುವ ಮುಂಚೆ ಬರೆದ: “ನೀವು ಅಷ್ಟು ಸಲ ಕ್ಷಮೆ ಕೇಳಿದ್ದು ನೋಡಿ, ಯಾರೋ ಭಾರಿ ವಿನಯದ ಹಳೇ ಹುಲಿ ಅಂದುಕೊಂಡಿದ್ದೆ.”

ಪ್ರಯಾಣಿಕರ ಗಮನಕ್ಕೆ

ಒಂದು ಕಲ್ಲಿನ ಪ್ರಾಣಿ ನಮ್ಮನ್ನು ಬಹಳ ದಿನದಿಂದ ಸೋಲಿಸುತ್ತಿತ್ತು. ಮನೆಯಷ್ಟು ಎತ್ತರ, ಎಡಕ್ಕೆ ತಿರುಗಿದರೆ ಎಲ್ಲರೂ ಬಲಕ್ಕೆ ಓಡಬೇಕು, ಬಲಕ್ಕೆ ತಿರುಗಿದರೆ ಎಡಕ್ಕೆ. ಯಾವಾಗ ತಿರುಗುತ್ತದೆ ಅನ್ನುವುದು ಎದುರು ನಿಂತ ಟ್ಯಾಂಕಿಗೆ ಮಾತ್ರ ಕಾಣುತ್ತದೆ. ಅವನು ಕೂಗಿ ಹೇಳಬೇಕು. ನಾನು “ಎ… ಎ…” ಅನ್ನುವಷ್ಟರಲ್ಲಿ ಮೂವರೂ ಮಣ್ಣುಪಾಲು.

ಒಂದು ಆಯಿತಾರ ಮಧ್ಯಾಹ್ನ, ಭಾನುವಾರದ ರಜೆ ಅಂತ, ಜೇವರ್ಗಿಯಲ್ಲಿ ಭಾಯಿಯ ಮನೆಯಲ್ಲೇ ನಾಲ್ಕೂ ಮಂದಿ ಸೇರಿದೆವು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಭಾಭಿ ಊಟಕ್ಕೆ ಬಡಿಸಿದರು, ಹೊಟ್ಟೆ ತುಂಬಿತು, ಧೈರ್ಯ ತುಂಬಲಿಲ್ಲ. ಆಡಿದೆವು, ಸತ್ತೆವು. ಮತ್ತೆ ಆಡಿದೆವು, ಮತ್ತೆ ಸತ್ತೆವು. ಮಾಸ್ತರ ಸೂರು ನೋಡುತ್ತ ಕೂತ. ಅವನು ಬೈದಿದ್ದರೆ ಚೆನ್ನಾಗಿತ್ತು. ನಾನು ಮೊಬೈಲು ಕೆಳಗಿಟ್ಟು, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದೆ. ಹುಡುಗಾಟಿಕೆಗೆ ಅಂದದ್ದಲ್ಲ, ನಿಜವಾಗಿ ಸಾಕಾಗಿತ್ತು.

ಭಾಭಿ ನೀರು ತಂದು ಮುಂದಿಟ್ಟು ಕೇಳಿದರು, “ಭಾಯಿಸಾಬ್, ಸ್ಟ್ಯಾಂಡಿನ್ಯಾಗ ಅಷ್ಟು ಮಂದಿಗೆ ಕೂಗಿ ಹೇಳ್ತೀರಿ. ನಾವು ಮೂರ ಮಂದಿ. ನಮಗ ಹೇಳಾಕ ಯಾಕ ಅಂಜತೀರಿ?”

“ಅಲ್ಲಿ ನಡುವ ಕಿಟಕಿ ಗ್ಲಾಸ್ ಇರ್ತದರಿ, ಭಾಭೀ.”

ಅವರು ನನ್ನ ಮೊಬೈಲು ಎತ್ತಿ ಅದರ ಮೇಲೆ ಬೆರಳಿನಿಂದ ಕುಟ್ಟಿದರು. “ಮತ್ತ ಇದೇನ್ರಿ, ತಗಡೇನು?”

ಸರಿ, ಬೆನ್ನು ನೆಟ್ಟಗೆ ಮಾಡಿ ಕೂತೆ. ಗಾಳಿ ಬರಲೆಂದು ಬಾಗಿಲು ತೆರೆದಿತ್ತು. ಕಲ್ಲಿನ ಪ್ರಾಣಿಯ ಮುಂದೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡೆ. ಸ್ಟ್ಯಾಂಡಿನ ದನಿ ತಾನಾಗಿ ಹೊರಬಿತ್ತು.

“ಪ್ರಯಾಣಿಕರ ಗಮನಕ್ಕೆ. ಇನ್ನು ಕೆಲವೇ ಕ್ಷಣಗಳಲ್ಲಿ ಎಡಗಡೆಗೆ ತಿರುಗಲಿದೆ. ಎಲ್ಲರೂ ಬಲಗಡೆಗೆ ಬರಬೇಕು. ಯಾರೂ ನೂಕುನುಗ್ಗಲು ಮಾಡಬಾರದು.”

ಮೂವರೂ ಸಾಲಾಗಿ ಬಲಕ್ಕೆ ಬಂದರು. ಹೊಡೆತ ಖಾಲಿ ನೆಲಕ್ಕೆ ಬಿತ್ತು. “ಪ್ರಯಾಣಿಕರ ಗಮನಕ್ಕೆ, ಈಗ ಬಲಗಡೆಗೆ,” ಅಂದೆ. ಎಡಕ್ಕೆ ಸರಿದರು. ಕೈ ನಡುಗುತ್ತಿಲ್ಲ ಅನ್ನುವುದು ಆಗ ತಿಳಿಯಿತು. ಪೆಟ್ಟು ಬೀಳುತ್ತಿತ್ತು, ಭಾಭಿ ಔಷಧ ಕೊಡುತ್ತಿದ್ದರು, ನಾನು ದಿನಾ ಕಿಟಕಿಯಲ್ಲಿ ಕೂರುವ ಹಾಗೆ ಕೂತಿದ್ದೆ.

ಆಗ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಕೈಯಲ್ಲಿ ಚೀಲ ಹಿಡಿದ ಒಬ್ಬ ಅಜ್ಜ. ಓಣಿಯಲ್ಲಿ ಹೋಗುವಾಗ ದನಿ ಕೇಳಿ ಇದೇ ಬಸ್ಸಿನ ಆಫೀಸು ಅಂದುಕೊಂಡಿದ್ದ.

“ಸಾಹೇಬ್ರ, ಆಳಂದ ಕಡಿಂದ ಬರೂ ಬಸ್ ಎಷ್ಟೊತ್ತಿಗ್ರಿ?”

ಮೊಬೈಲಿನಿಂದ ತಲೆ ಎತ್ತದೆ, ರೂಢಿಯಂತೆ ಹೇಳಿಬಿಟ್ಟೆ: “ಸ್ವಲ್ಪ ತಡವಾಗಿದೆ. ಪ್ರಯಾಣಿಕರು ಸಹಕರಿಸಬೇಕು.” ಅಜ್ಜ ಸಹಕರಿಸಿ ಹೊಸ್ತಿಲ ಮೇಲೆಯೇ ಕೂತ.

ಪ್ರಾಣಿ ಮೊಣಕಾಲೂರಿತು. ವಾಲಿತು. ದಡ್ ಅಂತ ಉರುಳಿತು. ಭಾಯ್, ಭಾಭಿ, ಮಾಸ್ತರ ಮೂವರೂ ಎದ್ದು ನಿಂತು ಕೂಗಿದರು, “ಬಿತ್ತು! ಬಿತ್ತು! ಪೂರಾ ಬಿತ್ತು!”

ಅಜ್ಜನ ಕೈಯಿಂದ ಚೀಲ ಜಾರಿತು. “ಎಲ್ಲಿ ಬಿತ್ರೋ ಯಪ್ಪಾ! ನನ್ನ ಹೆಂಡ್ತಿ ಅದರಾಗ ಬರಾಕತ್ತಾಳ!”

ಅವನನ್ನು ಒಳಗೆ ಕರೆದು ಕೂಡಿಸಿ, ನೀರು ಕುಡಿಸಿ, ಬಿದ್ದದ್ದು ಬಸ್ ಅಲ್ಲ ಅಂತ ನಂಬಿಸುವಷ್ಟರಲ್ಲಿ ಕಲ್ಲಿನ ಪ್ರಾಣಿಗಿಂತ ಹೆಚ್ಚು ಶ್ರಮವಾಯಿತು. ಭಾಯ್ ಓಡಿಹೋಗಿ ಸ್ಟ್ಯಾಂಡಿನಲ್ಲಿ ಕೇಳಿಕೊಂಡು ಬಂದು, ಬಸ್ ಸುರಕ್ಷಿತವಾಗಿ ಬರುತ್ತಿದೆ ಅಂದ ಮೇಲೆ ಅಜ್ಜನಿಗೆ ಉಸಿರು ಬಂತು. ಮಾಸ್ತರ ನನ್ನ ಮೊಬೈಲು ತೋರಿಸಿ, “ಅಜ್ಜಾ, ನೋಡ್ರಿ, ಇದು ಬಿದ್ದದ್ದು,” ಅಂದ.

ಅಜ್ಜ ಕಣ್ಣು ಕಿರಿದು ಮಾಡಿ ನೋಡಿದ. “ಯಾರು ಹೊಡದ್ರಿ?”

“ನಾನು, ಭಾಯ್, ಕೂಡಿ ಹೊಡದ್ವಿ.”

“ಈ ಅಕ್ಕಾರು?”

“ಔಷಧ ಕೊಟ್ರು.”

“ಮತ್ತ ಈ ಸಾಹೇಬ್ರು?”

“ಅವರು ಮುಂದ ನಿಂತು ಹೊಡಿಸ್ಕೊಂಡ್ರು.”

ಅಜ್ಜ ಚೀಲ ಎತ್ತಿಕೊಂಡು ಎದ್ದ. ಹೊಸ್ತಿಲು ದಾಟುವ ಮುಂಚೆ ತಿರುಗಿ, ನನ್ನನ್ನು ಮೇಲಿಂದ ಕೆಳಗೆ ಮರುಕದಿಂದ ನೋಡಿ ಕೇಳಿದ:

“ಆಯಿತಾರಾನೂ ಸೂಟಿ ಕೊಡಂಗಿಲ್ಲೇನ್ರಿ ನಿಮಗ?”