ಬಂಡೆಯ ಸದ್ದಿಗೆ ಎಂಟು ವರ್ಷದ ಯೋಜನೆ

ದುಡ್ಡು ಖರ್ಚು ಮಾಡುವ ಕಛೇರಿಗಳಲ್ಲಿ ಜಗಳಗಳಾಗುತ್ತವೆ, ದುಡ್ಡು ಕೇಳುವ ಕಛೇರಿಗಳಲ್ಲಿ ತಮಾಷೆಗಳಾಗುತ್ತವೆ. ನಾನು ಗುಮಾಸ್ತನಾಗಿದ್ದದ್ದು ಎರಡನೇ ಜಾತಿಯ ಕಛೇರಿಯಲ್ಲಿ. ಹಾಗಾಗಿ ವರ್ಷಕ್ಕೊಂದು ತಮಾಷೆ ತಪ್ಪದೆ ನಡೆಯುತ್ತಿತ್ತು. ಆಗ ನಕ್ಕಿದ್ದು ಕಡಿಮೆ. ಈಗ ನೆನೆಸಿಕೊಂಡು ನಗುತ್ತೇನೆ.

ಇದು ಐವತ್ತರ ದಶಕದ ಕೊನೆಗೆ ಶುರುವಾದ ಕಥೆ. ಕೋಲಾರದ ಚಿನ್ನದ ಗಣಿ ಊರಿನಲ್ಲಿ, ಮೈಸೂರು ಮೈನ್ಸ್ ಹತ್ತಿರ, ನಮ್ಮದು ಎರಡು ಕೋಣೆಯ ಪುಟ್ಟ ಸಂಶೋಧನಾ ಘಟಕ. ಅದರಲ್ಲಿ ಇದ್ದದ್ದು ಸಾಹೇಬರು, ನಾನು ಮತ್ತು ಒಂದು ಟೈಪ್‌ರೈಟರ್. ಸಾಹೇಬರು ಭೂಗರ್ಭಶಾಸ್ತ್ರ ಓದಿದವರು, ಮೈಸೂರಿನ ಕಡೆಯವರು, ಗಟ್ಟಿಯಾಗಿ ಕೂಗಿ ಗೊತ್ತಿಲ್ಲದವರು. ನಾನು ದಿನಾ ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ.

ಗಣಿಯ ಆಳದಲ್ಲಿ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಅದಕ್ಕೆ ಅಲ್ಲಿಯವರು ‘ಏರ್ ಬ್ಲಾಸ್ಟ್’ ಅನ್ನುತ್ತಿದ್ದರು. ಕೆಳಗೆ ಬಂಡೆ ಸಿಡಿದರೆ ಮೇಲೆ ಕೂಲಿಯವರ ಲೈನು ಮನೆಗಳಲ್ಲಿ ಪಾತ್ರೆ ಉರುಳುತ್ತಿತ್ತು, ಹೆಂಗಸರು ಒಲೆ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಕಡೆಗೆ ಓಡುತ್ತಿದ್ದರು. ಯಾವಾಗ ಸಿಡಿಯುತ್ತದೆ ಅಂತ ಯಾವ ಪುಸ್ತಕವೂ ಹೇಳುತ್ತಿರಲಿಲ್ಲ, ಒಬ್ಬ ತಾತ ಮಾತ್ರ ಹೇಳುತ್ತಿದ್ದ. ಕಾಮಸಮುದ್ರದ ಕಡೆಯವನು. ಬಂಡೆಗೆ ಮರದ ಆಸರೆ ಕೊಡುವ ಗುಂಪಿನಲ್ಲಿ ಮೂವತ್ತು ವರ್ಷದಿಂದ ಇದ್ದವನು. ಹಾರೆಯಿಂದ ಬಂಡೆಯನ್ನು ಎರಡು ಸಲ ತಟ್ಟಿ, ಕಿವಿ ಕೊಟ್ಟು, "ಇವತ್ತು ಇಲ್ಲಿ ಬ್ಯಾಡ ಕಣ್ರಲಾ" ಅನ್ನುತ್ತಿದ್ದ. ಅವನ ಮೇಸ್ತ್ರಿ ತನ್ನ ಆಳುಗಳನ್ನು ಬೇರೆ ಕಡೆ ಕಳಿಸುತ್ತಿದ್ದ. ಉಳಿದ ಮೇಸ್ತ್ರಿಗಳು "ಎಲ್ಲಿ ಬರ್ದೈತೆ ತೋರ್ಸು" ಅನ್ನುತ್ತಿದ್ದರು.

ಅದನ್ನು ಬರೆದಿಡಬೇಕು ಅನ್ನುವುದೇ ಸಾಹೇಬರ ಸಂಶೋಧನೆ. ತಾತ ತಟ್ಟುವಾಗಿನ ಸದ್ದನ್ನು ಟೇಪಿನಲ್ಲಿ ಹಿಡಿಯುವುದು, ಅವನು ಹೇಳಿದ್ದನ್ನು ಪಕ್ಕದಲ್ಲಿ ಬರೆಯುವುದು, ಆಮೇಲೆ ಏನಾಯಿತು ಅಂತ ನೋಡುವುದು. ಬೇಕಾದದ್ದು ಒಂದು ಟೇಪ್ ರೆಕಾರ್ಡರ್ ಮತ್ತು ತಾತನಿಗೆ ಒಂದು ವರ್ಷದ ಸಂಬಳ. ಇಷ್ಟಕ್ಕೆ ನಾವು ಪ್ರತಿವರ್ಷ ಆಯುಧಪೂಜೆಯ ಮಾರನೇ ದಿನ ಬಾಗಿಲು ಹಾಕಿಕೊಂಡು ಯೋಜನೆ ಹಾಕುತ್ತಿದ್ದೆವು. ಅದೇ ದಿನ ತಾತ ಪೂಜೆಯ ಕಡಲೆಪುರಿ ಕಟ್ಟಿಕೊಂಡು ಬಂದು, "ಏನ್ ಸಾಮಿ, ಕಾಸ್ ಬಂತಾ?" ಅಂತ ಕೇಳುತ್ತಿದ್ದ.

ಸತ್ಯದ ಬೀರು

ಮೊದಲನೇ ವರ್ಷ ಸಾಹೇಬರು ಬೇಕಾದಷ್ಟನ್ನೇ ಕೇಳಿದರು. ಸಂಶೋಧನೆಗೆ ದುಡ್ಡು ಹಂಚುವ ಬೆಂಗಳೂರಿನ ಸಮಿತಿಯವರು ಅರ್ಧ ಕೊಟ್ಟರು. ಅರ್ಧ ಟೇಪ್ ರೆಕಾರ್ಡರನ್ನು ಯಾವ ಅಂಗಡಿಯವನೂ ಮಾರುವುದಿಲ್ಲ. ಮಾರ್ಚಿಯೊಳಗೆ ಖರ್ಚಾಗದಿದ್ದರೆ ಬಂದ ಅರ್ಧವೂ ವಾಪಸ್ಸು. ಬೇರೆ ದಾರಿ ಕಾಣದೆ ಒಂದು ಕಬ್ಬಿಣದ ಬೀರು ತಂದೆವು. ಅದರೊಳಗೆ ಇಡುವುದಕ್ಕೆ ನಮ್ಮ ಅರ್ಜಿಯ ನಕಲು ಬಿಟ್ಟರೆ ಬೇರೇನೂ ಇರಲಿಲ್ಲ.

ಎರಡನೇ ವರ್ಷ ನಾನು ಬುದ್ಧಿ ಹೇಳಿದೆ. "ಸಾರ್, ಅವರು ಅರ್ಧ ಮಾಡೋ ಜನ. ನಾವು ಎರಡರಷ್ಟು ಕೇಳಿಬಿಡೋಣ."

"ಅದು ಸುಳ್ಳಾಗೋದಿಲ್ಲವೇನ್ರೀ?" ಅಂದರು ಸಾಹೇಬರು.

"ಸುಳ್ಳಲ್ಲ ಸಾರ್, ಯೋಜನೆ."

ಆ ವರ್ಷ ರಾಜ್ಯದ ಎಲ್ಲ ಘಟಕಗಳ ಗುಮಾಸ್ತರಿಗೂ ಇದೇ ಬುದ್ಧಿ ಬಂದಿತ್ತು. ಸಮಿತಿಯವರು ಅದನ್ನು ಕಂಡುಹಿಡಿದು ಎಲ್ಲರಿಗೂ ಕಾಲುಭಾಗ ಕೊಟ್ಟರು. ಎರಡರಷ್ಟರ ಕಾಲುಭಾಗ ಅಂದರೆ ಹೋದ ವರ್ಷ ಬಂದ ಅರ್ಧವೇ. ಮಾರ್ಚಿಯಲ್ಲಿ ಎರಡನೇ ಬೀರು ಬಂತು. ಸಾಹೇಬರು ಎರಡನ್ನೂ ನೋಡಿ ನಿಧಾನವಾಗಿ ಹೇಳಿದರು: "ಸತ್ಯ ಹೇಳಿ ತಂದ ಬೀರು ಯಾವುದು, ಸುಳ್ಳು ಹೇಳಿ ತಂದದ್ದು ಯಾವುದು ಅಂತ ಗುರುತು ಹಾಕಿಡ್ರೀ. ಮುಂದೆ ನನಗೇ ಮರೆತುಹೋಗುತ್ತೆ."

ಬಡವರಾಗಿ ಒಂದು ವರ್ಷ, ಶ್ರೀಮಂತರಾಗಿ ಒಂದು ವರ್ಷ

ಮೂರನೇ ವರ್ಷ ಸಮಿತಿಯವರು ತಾವೇ ನೋಡಲು ಬರುತ್ತೇವೆ ಅಂತ ಕಾಗದ ಬರೆದರು. ಕಷ್ಟ ಕಂಡರೆ ಕರಗುತ್ತಾರೆ ಅನ್ನುವುದು ನಮ್ಮ ಯೋಜನೆ. ಫ್ಯಾನು ಬಿಚ್ಚಿಸಿದೆವು. ಎರಡೂ ಬೀರುಗಳನ್ನು ಪಕ್ಕದ ಮನೆಯವರ ಹಿತ್ತಿಲಿಗೆ ಸಾಗಿಸಿ ಗೋಣಿ ಹೊದಿಸಿದೆವು. ಕಾಲು ಮುರಿದ ಮೇಜಿನ ಕೆಳಗೆ ಇಟ್ಟಿಗೆ ಇಟ್ಟೆವು. ಸಮಿತಿಯ ಹಿರಿಯರು ಬೆವರು ಒರೆಸಿಕೊಳ್ಳುತ್ತಾ ಎಲ್ಲವನ್ನೂ ನೋಡಿ ನಿಜವಾಗಿಯೂ ಕರಗಿದರು. "ಇಷ್ಟು ಕಡಿಮೆಯಲ್ಲಿ ಕೆಲಸ ಸಾಗಿಸಬಹುದು ಅಂತ ನೀವು ಎಲ್ಲರಿಗೂ ತೋರಿಸಿಕೊಟ್ಟಿದ್ದೀರಿ" ಅಂದರು. ತಿಂಗಳಾದ ಮೇಲೆ ಮೆಚ್ಚುಗೆಯ ಪತ್ರ ಬಂತು. ಬೇರೇನೂ ಬರಲಿಲ್ಲ.

ನಾಲ್ಕನೇ ವರ್ಷ ಯೋಜನೆಯನ್ನು ಬೋರಲು ಹಾಕಿದೆವು. ಅಧಿಕಾರಿಗಳ ಕ್ಲಬ್ಬಿನಿಂದ ಸೋಫಾ ಬಂತು, ಹೂವಿನ ಚಿತ್ರದ ಕಪ್ಪು-ಸಾಸರು ಬಂತು, ನೆಲಕ್ಕೆ ಜಮಖಾನ ಬಂತು. ಸಮಿತಿಯವರು ಚಹಾ ಕುಡಿದು, ಸೋಫಾದಲ್ಲಿ ಹಿಂದಕ್ಕೆ ಒರಗಿ, "ನಿಮಗೆ ಏನೂ ಕಮ್ಮಿ ಇಲ್ಲವಲ್ಲ" ಅಂತ ಸಂತೋಷಪಟ್ಟು ಹೋದರು.

ಎರಡು ಸಲವೂ ತಾತನನ್ನು ಕರೆಸಿದ್ದೆವು. ಒಗೆದ ಅಂಗಿ ಹಾಕಿಕೊಂಡು, ಹಾರೆ ಹಿಡಿದು, ತಟ್ಟಿ ತೋರಿಸಲು ಬಾಗಿಲ ಹತ್ತಿರ ನಿಂತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ. ಒಬ್ಬರು ಕಾವಲುಗಾರ ಅಂದುಕೊಂಡು ತಮ್ಮ ಛತ್ರಿ ಕೊಟ್ಟು ಒಳಗೆ ಹೋಗಿದ್ದರು. ಸೋಫಾ ವಾಪಸ್ಸು ಹೋಗುವಾಗ ಅದರ ಒಂದು ತುದಿ ಹಿಡಿದಿದ್ದ ತಾತ ನನಗೆ ಹೇಳಿದ:

"ರೈಟರಯ್ಯಾ, ಬಡವ್ರ ಥರ ಕೂತ್ರಿ, ಬಡವ್ರು ಅಂದ್ಕೊಂಡು ಓದ್ರು. ಸಾವ್ಕಾರ್ರ ಥರ ಕೂತ್ರಿ, ಸಾವ್ಕಾರ್ರು ಅಂದ್ಕೊಂಡು ಓದ್ರು. ಒಂದು ಕಿತ ಕೆಲ್ಸ ಮಾಡೋರ ಥರ ಕೂತ್ನೋಡಿ."

ರಾಗಿ ಬೆದರಲಿಲ್ಲ

ಐದನೇ ವರ್ಷದ ಯೋಜನೆ ಪೂರ್ತಿ ನನ್ನದು. ಆಗ ಎಲ್ಲಿ ನೋಡಿದರೂ ಆಹಾರ ಬೆಳೆಸಿ, ಆಹಾರ ಬೆಳೆಸಿ ಅನ್ನುವ ಮಾತು. ಆಹಾರದ ಹೆಸರು ಇಲ್ಲದ ಅರ್ಜಿಯನ್ನು ಯಾರೂ ಓದುವುದಿಲ್ಲ ಅಂತ ನಾನು ವಾದಿಸಿದೆ. ಅರ್ಜಿಯ ಕೊನೆಗೆ ಒಂದು ಸಾಲು ಸೇರಿಸಿದೆ: ಬಂಡೆ ಸಿಡಿತದಿಂದ ಸುತ್ತಲಿನ ರಾಗಿ ಬೆಳೆಯ ಮೇಲಾಗುವ ಪರಿಣಾಮವನ್ನೂ ಪರಿಶೀಲಿಸಲಾಗುವುದು.

ದುಡ್ಡು ಬಂತು. ಆ ಒಂದು ಸಾಲಿಗೆ ಮಾತ್ರ ಬಂತು.

ಸಾಹೇಬರು ತಲೆಯ ಮೇಲೆ ಕೈ ಹೊತ್ತರು. ಆದರೆ ಬಂದ ದುಡ್ಡನ್ನು ಬೇಡ ಅಂದರೆ ಮುಂದಿನ ವರ್ಷ ಹೆಸರು ತೆಗೆದುಬಿಡುತ್ತಾರೆ. ನಾವಿಬ್ಬರೂ ಮಳೆಗಾಲವೆಲ್ಲ ಕ್ಯಾಸಂಬಳ್ಳಿಯ ಹತ್ತಿರ ಒಬ್ಬ ರೈತನ ಹೊಲದ ಬದುವಿನ ಮೇಲೆ ಅಳತೆಗೋಲು ಹಿಡಿದು ಕೂತೆವು. ರೈತ ಎರಡು ವಾರ ನೋಡಿದ. ಮೂರನೇ ವಾರ ಹತ್ತಿರ ಬಂದು ಕೇಳಿದ:

"ಅಲ್ಲ ಸಾಮಿ, ನಿಮ್ಮ ಬಂಡೆ ಭೂಮಿ ಒಳ್ಗೆ ಸಿಡೀತದೆ. ನಮ್ಮ ರಾಗಿ ಇಲ್ಲಿ ಯಾಕೆ ಬೆದರ್ಕೊಂತದೆ?"

ಅದೇ ನಮ್ಮ ವರದಿಯ ಸಾರಾಂಶವಾಯಿತು. ಬಂಡೆ ಸಿಡಿತದಿಂದ ರಾಗಿಗೆ ಯಾವ ತೊಂದರೆಯೂ ಇಲ್ಲ ಎಂದು ನಲವತ್ತು ಪುಟ ಟೈಪು ಮಾಡಿದೆ. ಅಷ್ಟು ವರ್ಷಗಳಲ್ಲಿ ನಮ್ಮ ಘಟಕ ಮುಗಿಸಿದ ಸಂಶೋಧನೆ ಅದೊಂದೇ, ಮತ್ತು ಅದರಲ್ಲಿ ಒಂದು ತಪ್ಪೂ ಇರಲಿಲ್ಲ ಅಂತ ಸಮಿತಿಯವರು ಹೊಗಳಿದರು.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾವು ರಾಗಿ ಅಳೆಯುತ್ತಿದ್ದ ಆ ಮಳೆಗಾಲದಲ್ಲೇ ಕೆಳಗೆ ಬಂಡೆ ಸಿಡಿದು ಇಬ್ಬರು ಹೋದರು. ಹಿಂದಿನ ದಿನ ತಾತ ಆ ಜಾಗವನ್ನು ತಟ್ಟಿ ಬೇಡ ಅಂದಿದ್ದ. ಅವನ ಗುಂಪು ಅಲ್ಲಿಗೆ ಹೋಗಲಿಲ್ಲ. ಆಮೇಲಿನ ಪಾಳಿಯ ಮೇಸ್ತ್ರಿ ಹೊಸಬ, ಎಲ್ಲಿ ಬರೆದಿದೆ ಅಂತ ಕೇಳಿದನಂತೆ. ಬರೆಯಬೇಕಾಗಿದ್ದ ನಾನು ಹೊಲದ ಬದುವಿನಲ್ಲಿ ತೆನೆ ಎಣಿಸುತ್ತಿದ್ದೆ. ಆ ಒಂದು ಸಾಲು ಸೇರಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ದೇಶದ ಭವಿಷ್ಯ

ಆರನೇ ವರ್ಷ ಅರ್ಜಿ ಕೊಡುವ ಕೊನೆಯ ದಿನ ನಾನೇ ಅದನ್ನು ಹಿಡಿದು ಬೆಂಗಳೂರಿಗೆ ಹೊರಟೆ. ಬಂಗಾರಪೇಟೆಯಲ್ಲಿ ರೈಲು ಹತ್ತಿದೆ. ಎದುರಿನ ಸೀಟಿನಲ್ಲಿ ನನ್ನಂಥದೇ ಕಡತ ತೊಡೆಯ ಮೇಲಿಟ್ಟುಕೊಂಡ ಒಬ್ಬ ಗುಮಾಸ್ತ. ರೇಷ್ಮೆ ಹುಳುವಿನ ಸಂಶೋಧನೆಯವನು. ಅದೇ ಸಮಿತಿಗೆ, ಅದೇ ಕೊನೆಯ ದಿನಕ್ಕೆ ಹೊರಟಿದ್ದ. ಅವನು ಚಿತ್ರಾನ್ನದ ಪೊಟ್ಟಣ ಬಿಚ್ಚಿದ, ನಾನು ತಾತ ಕೊಟ್ಟಿದ್ದ ಕಡಲೆಪುರಿ ಬಿಚ್ಚಿದೆ. ಮಾಲೂರು ಬರುವ ಹೊತ್ತಿಗೆ ಅಣ್ಣತಮ್ಮಂದಿರಂತೆ ಆಗಿದ್ದೆವು.

"ನಿಮ್ಮ ಅರ್ಜಿ ಹೇಗೆ ಮುಗಿಸಿದ್ದೀರಿ?" ಅಂತ ಕೇಳಿದ.

ತೋರಿಸಿದೆ. ಪಾಪ, ಸಾಹೇಬರ ಬರವಣಿಗೆ ಸಪ್ಪೆ. ಅವನದರಲ್ಲಿ ಕೊನೆಯ ಸಾಲು ಹೀಗಿತ್ತು: ಈ ದೇಶದ ಭವಿಷ್ಯವು ರೇಷ್ಮೆ ಹುಳುವಿನಲ್ಲಿ ಅಡಗಿದೆ. ಓದಿ ಮೈ ಜುಂ ಅಂದಿತು. "ಬರ್ಕೊಳ್ಳಿ, ನಮ್ಮೋರೇ ತಾನೇ" ಅಂದ ಪುಣ್ಯಾತ್ಮ. ರೈಲಿನ ಕುಲುಕಾಟದಲ್ಲೇ ಪೆನ್ನಿನಲ್ಲಿ, ದೇಶದ ಭವಿಷ್ಯವು ಬಂಡೆಯ ಸದ್ದಿನಲ್ಲಿ ಅಡಗಿದೆ ಅಂತ ಸೇರಿಸಿಕೊಂಡೆ.

ಎರಡು ಅರ್ಜಿಗಳೂ ಒಂದೇ ಮೇಜಿನ ಮೇಲೆ ಒಂದರ ಪಕ್ಕ ಒಂದು ಕೂತವಂತೆ. ಎರಡೂ ತಿರುಗಿ ಬಂದವು. ನಮ್ಮದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: ದೇಶದ ಭವಿಷ್ಯ ಎಲ್ಲಿ ಅಡಗಿದೆ ಎಂಬ ಬಗ್ಗೆ ತಾವೂ ರೇಷ್ಮೆಯವರೂ ಮೊದಲು ಒಂದು ತೀರ್ಮಾನಕ್ಕೆ ಬರತಕ್ಕದ್ದು.

ಎಲ್ಲಕ್ಕಿಂತ ಒಳ್ಳೆಯ ಯೋಜನೆ

ಏಳನೇ ವರ್ಷದ ಯೋಜನೆ ಬಹಳ ಚೆನ್ನಾಗಿತ್ತು. ಹಿಂದಿನ ಆರು ತಪ್ಪುಗಳನ್ನೂ ಪಟ್ಟಿ ಮಾಡಿ, ಒಂದೊಂದಕ್ಕೂ ಪರಿಹಾರ ಬರೆದು, ಗೋಡೆಗೆ ನಕ್ಷೆ ಅಂಟಿಸಿ, ಯಾವ ತಿಂಗಳಲ್ಲಿ ಏನು ಮಾಡಬೇಕು ಅಂತ ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆದೆವು. ಯೋಜನೆ ಮುಗಿಯಿತು ಅಂತ ಸಾಹೇಬರು ಪೆನ್ಸಿಲು ಕೆಳಗಿಟ್ಟ ದಿನ, ಅರ್ಜಿ ಕೊಡುವ ಗಡುವು ಮುಗಿದು ಹನ್ನೊಂದು ದಿನವಾಗಿತ್ತು.

ಪೂರ್ತಿ ಬಂದದ್ದು

ಎಂಟನೇ ವರ್ಷ ಇಬ್ಬರಿಗೂ ಸಾಕಾಗಿತ್ತು. ಸಾಹೇಬರು, "ಮೊದಲನೇ ವರ್ಷದ್ದನ್ನೇ ತಾರೀಖು ಬದಲಾಯಿಸಿ ಕಳಿಸಿಬಿಡ್ರೀ" ಅಂದರು. ಒಂದು ಗಂಟೆಯ ಕೆಲಸ. ಕಳಿಸಿ ಮರೆತುಬಿಟ್ಟೆವು.

ಅದಕ್ಕೆ ಕೇಳಿದಷ್ಟೂ ಬಂತು. ಒಂದು ಬಿಡಿಗಾಸೂ ಕಡಿಮೆಯಿಲ್ಲ. ಯಾಕೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಟೇಪ್ ರೆಕಾರ್ಡರ್ ಬಂದ ದಿನ ಸಾಹೇಬರು ಅದಕ್ಕೆ ಕುಂಕುಮ ಇಟ್ಟರು. ತಾತ ಆಗ ಕೆಲಸದಿಂದ ನಿವೃತ್ತಿಯಾಗಿ ಲೈನು ಮನೆಯಲ್ಲಿ ಮಗಳ ಜೊತೆ ಇದ್ದ. ಕರೆಸಿದೆವು. ಕೆಳಗೆ ಹೋಗುವ ಮೊದಲು ಮೇಲೆಯೇ ಒಂದು ಸಲ ನೋಡೋಣ ಅಂತ ಹಿತ್ತಿಲಿನಲ್ಲಿ ಎರಡು ಬಂಡೆ ಇಡಿಸಿದ್ದೆವು, ಒಂದು ಗಟ್ಟಿ, ಒಂದು ಒಳಗೆ ಸೀಳಿದ್ದು. ತಾತ ಹಾರೆಯಲ್ಲಿ ಗಟ್ಟಿ ಬಂಡೆಯನ್ನು ತಟ್ಟಿದ. ಕಿವಿ ಹತ್ತಿರ ತಂದ. ಮತ್ತೆ ತಟ್ಟಿದ. ಆಮೇಲೆ ಸೀಳು ಬಂಡೆಯನ್ನು ತಟ್ಟಿದ. ಹಾರೆ ಕೆಳಗಿಟ್ಟು ನಮ್ಮ ಮುಖ ನೋಡಿದ.

"ತಾತಾ, ಯಾವುದು ಕೆಟ್ಟಿದೆ?" ಅಂತ ಕೇಳಿದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಮತ್ತೆ ಕೇಳಿದೆ. ಕೊನೆಗೆ ಅವನ ಮಗಳು ಕಿವಿಯ ಹತ್ತಿರ ಹೋಗಿ ಕೂಗಿದಳು. ಆಗ ಗೊತ್ತಾಯಿತು.

ಮೂವತ್ತೈದು ವರ್ಷಕ್ಕೂ ಮೇಲೆ ಕೇಳಿದ ಡ್ರಿಲ್ಲಿನ ಸದ್ದು ಅಂತ ಆಮೇಲೆ ಡಾಕ್ಟರು ಹೇಳಿದರು. ಮೂರು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಗಿತ್ತು. ನಮಗೆ ತಿಳಿಯಲೇ ಇಲ್ಲ. ಪ್ರತಿವರ್ಷ ಅವನು ಕಾಸು ಬಂತಾ ಅಂತ ಕೇಳುತ್ತಿದ್ದ, ನಾವು ಇಲ್ಲ ಅಂತ ತಲೆಯಾಡಿಸುತ್ತಿದ್ದೆವು. ಆ ಉತ್ತರಕ್ಕೆ ಕಿವಿ ಬೇಕಿರಲಿಲ್ಲ.

"ಯಾಕೆ ತಾತಾ, ನಮಗೆ ಹೇಳಬಾರದಿತ್ತಾ?" ಅಂತ ಸಾಹೇಬರು ಜೀವಮಾನದಲ್ಲಿ ಮೊದಲ ಸಲ ಕೂಗಿದರು.

ತಾತ ನಾಚಿಕೊಂಡ. "ನಂಗೇ ಗೊತ್ತಾಗ್ನಿಲ್ಲ ಸಾಮಿ. ಎಲ್ರೂ ಮೆತ್ತಗೆ ಮಾತಾಡ್ತಾವ್ರೆ, ವಯಸ್ಸಾದೋನು ಅಂತ ಮರ್ವಾದಿ ಕೊಡ್ತಾವ್ರೆ ಅಂದ್ಕೊಂಡಿದ್ದೆ."

ಸಾಹೇಬರು ನಕ್ಕರು. ನಾನೂ ನಕ್ಕೆ. ಮೊದಲು ನಿಲ್ಲಿಸಿದ್ದು ಸಾಹೇಬರು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಸಮಾಧಾನ ಮಾಡಿದ್ದು ತಾತನೇ. "ಕಿವಿ ಓದ್ರೆ ಓಯ್ತು, ಬಾಯಿ ಐತಲ್ಲ. ಏಳ್ತೀನಿ, ಇಡ್ಕೊಳ್ಳಿ" ಅಂದ. ಯಂತ್ರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ಗಟ್ಟಿ ಬಂಡೆ ಹೇಗೆ ಟಣ್ ಅನ್ನುತ್ತದೆ, ನೀರು ಇಳಿದ ಬಂಡೆ ಹೇಗೆ ಡೊಬ್ ಅನ್ನುತ್ತದೆ, ನಾಳೆ ಸಿಡಿಯುವ ಬಂಡೆ ಒಳಗೊಳಗೇ ಹೇಗೆ ಕಟಕಟ ಹಲ್ಲು ಕಡಿಯುತ್ತದೆ ಅಂತ ಬಾಯಲ್ಲೇ ಒಂದು ಗಂಟೆ ಸದ್ದು ಮಾಡಿ ತೋರಿಸಿದ. ಟೇಪು ಸುತ್ತುತ್ತಲೇ ಇತ್ತು. ಸಾಹೇಬರು ಅದನ್ನೇ ಸಮಿತಿಗೆ ಕಳಿಸಿದರು.

ಉತ್ತರ ಬೇಗ ಬಂತು. ಟೇಪಿನಲ್ಲಿ ಬಂಡೆಯ ಸದ್ದಿನ ಬದಲಿಗೆ ಯಾರೋ ವೃದ್ಧರು ಬಾಯಲ್ಲಿ ಸದ್ದು ಮಾಡುತ್ತಿರುವಂತೆ ಕೇಳುತ್ತಿದೆ, ಯಂತ್ರದಲ್ಲಿ ದೋಷವಿರಬಹುದು, ಅದರ ರಿಪೇರಿಗೆ ಹೆಚ್ಚಿನ ಹಣ ಮಂಜೂರು ಮಾಡಿದೆ ಎಂದಿತ್ತು. ಅರ್ಜಿ ಹಾಕದೆ, ಯೋಜನೆ ಮಾಡದೆ ನಮಗೆ ಬಂದ ದುಡ್ಡು ಅದೊಂದೇ.

ಸಾಹೇಬರು ಆ ದಿನ ನನ್ನನ್ನು ಏನೂ ಕೇಳಲಿಲ್ಲ. ತಾವೇ ಕೂತು, ಅಲಂಕಾರವಿಲ್ಲದೆ ನಾಲ್ಕು ಸಾಲು ಬರೆದರು: ಯಂತ್ರ ಸರಿಯಾಗಿದೆ. ಕೆಟ್ಟಿರುವುದು ನಮ್ಮ ತಾತನ ಕಿವಿ. ಎಂಟು ವರ್ಷ ನಾವು ದುಡ್ಡು ಕೇಳಿದ್ದು ಆ ಕಿವಿಗಾಗಿಯೇ. ಈ ರಿಪೇರಿ ಹಣದಲ್ಲಿ ಅವನಿಗೆ ಕಿವಿಗೆ ಹಾಕುವ ಯಂತ್ರ ಕೊಡಿಸಲು ಅನುಮತಿ ಕೊಡಬೇಕು.

ವಾರದೊಳಗೆ ಉತ್ತರ ಬಂತು. ತಮ್ಮ ಘಟಕದ ಸಾಮಾನುಗಳ ಪಟ್ಟಿಯನ್ನು ಪರಿಶೀಲಿಸಲಾಗಿದೆ, ಅದರಲ್ಲಿ ಎರಡು ಬೀರು, ಒಂದು ಟೇಪ್ ರೆಕಾರ್ಡರ್ ಇವೆ, ಕಿವಿ ಇಲ್ಲ, ಪಟ್ಟಿಯಲ್ಲಿಲ್ಲದ ವಸ್ತುವಿನ ರಿಪೇರಿಗೆ ಅವಕಾಶವಿರುವುದಿಲ್ಲ.